ಬೇಗ ತಿಳಿದು ಮಾಡುವುದೇನು?

ಒಂದು ಹನಿ ರಕ್ತ, ಕೆಲವೇ ನಿಮಿಷ, ಅಂಗೈಯಗಲದ ಒಂದು ಉಪಕರಣ. ಇಷ್ಟಿದ್ದರೆ ನಿಮಗೆ ಅಲ್ಝೈಮರ್ ಬರಲಿದೆಯೇ ಎಂಬುದನ್ನು ಹದಿನೈದು ಇಪ್ಪತ್ತು ವರ್ಷ ಮೊದಲೇ ಹೇಳಿಬಿಡಬಹುದು ಎಂಬ ಸುದ್ದಿ ಈಗ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಆ ಉಪಕರಣದ, ಅಂದರೆ ಬಯೋಸೆನ್ಸರಿನ, ಮೇಲ್ಮೈಗೆ ಬಳಸಿದ ವಸ್ತು ಒಮ್ಮೆ ಗ್ರಾಫೀನ್, ಇನ್ನೊಮ್ಮೆ ಚಿನ್ನದ ನ್ಯಾನೊಕಣ. ಅದು ಹಿಡಿಯುವ ಪ್ರೋಟೀನು ಒಮ್ಮೆ ಅಮಿಲಾಯ್ಡ್, ಇನ್ನೊಮ್ಮೆ ಟೌ. ಸುದ್ದಿಯ ಅಡಿಯಲ್ಲಿರುವ ನಂಬಿಕೆ ಮಾತ್ರ ಬದಲಾಗುವುದಿಲ್ಲ: ಕಾಯಿಲೆಯನ್ನು ಬೇಗ ಪತ್ತೆ ಹಚ್ಚಿದಷ್ಟೂ ಒಳ್ಳೆಯದು. ವಿಜ್ಞಾನಿಗಳ ಪ್ರಬಂಧಗಳು ಶುರುವಾಗುವುದೇ ಈ ವಾಕ್ಯದಿಂದ. ಕಂಪನಿಗಳ ಜಾಹೀರಾತು ಮುಗಿಯುವುದೂ ಇದರಿಂದಲೇ. ಇದಕ್ಕೆ ಪುರಾವೆ ಕೊಡಿ ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಕೇಳಿದರೆ ಪೆದ್ದುತನವೆನಿಸುತ್ತದೆ.

ನಾನು ಕೇಳುತ್ತಿದ್ದೇನೆ. ಮಿದುಳಿನ ನರಕೋಶಗಳು ನಿಧಾನವಾಗಿ ನಶಿಸುವ ಅಲ್ಝೈಮರ್, ಪಾರ್ಕಿನ್ಸನ್‌ನಂಥ ಕಾಯಿಲೆಗಳ ಮಟ್ಟಿಗೆ, ಯಾವ ತೊಂದರೆಯೂ ಇಲ್ಲದೆ ಓಡಾಡಿಕೊಂಡಿರುವ ಜನರ ಮಟ್ಟಿಗೆ, ಈ ನಂಬಿಕೆ ಇವತ್ತು ಸುಳ್ಳು. ಬರೀ ಸುಳ್ಳಾಗಿದ್ದರೆ ಸುಮ್ಮನಿರಬಹುದಿತ್ತು. ಅದರಿಂದ ಜನರಿಗೆ ಕೇಡಾಗುತ್ತದೆ.

ಬಯೋಸೆನ್ಸರ್ ಎಂಬ ಕಲ್ಪನೆಗೆ ಇಷ್ಟು ಗೌರವ ಬಂದದ್ದು ಸಕ್ಕರೆ ಕಾಯಿಲೆಯಿಂದ. 1962ರಲ್ಲಿ ಅಮೆರಿಕದ ಲೆಲಂಡ್ ಕ್ಲಾರ್ಕ್ ತಮ್ಮ ಆಕ್ಸಿಜನ್ ಎಲೆಕ್ಟ್ರೋಡಿನ ಮೇಲೆ ಕಿಣ್ವವೊಂದನ್ನು ಕೂರಿಸಿ ರಕ್ತದ ಗ್ಲುಕೋಸನ್ನು ಅಳೆಯುವ ದಾರಿ ತೋರಿಸಿದರು. ಇಂದು ಲಕ್ಷಾಂತರ ಮನೆಗಳಲ್ಲಿರುವ ಗ್ಲುಕೋಮೀಟರಿನ ವಂಶ ಅಲ್ಲಿಂದಲೇ ಬಂತು. ಆದರೆ ಗ್ಲುಕೋಮೀಟರ್ ಗೆದ್ದದ್ದು ಅಳತೆಯ ನಿಖರತೆಯೊಂದರಿಂದಲ್ಲ. ಅದು ತೋರಿಸುವ ಪ್ರತಿ ಅಂಕಿಯ ಬೆನ್ನಿಗೂ ಮಾಡಬೇಕಾದ ಒಂದು ಕೆಲಸವಿದೆ. ಇನ್ನೂರೈವತ್ತು ತೋರಿಸಿದರೆ ಇನ್ಸುಲಿನ್ ಏರಿಸಬೇಕು, ಅರವತ್ತು ತೋರಿಸಿದರೆ ತಕ್ಷಣ ಬಾಯಿಗೆ ಸಕ್ಕರೆ ಹಾಕಿಕೊಳ್ಳಬೇಕು. ಮಾಡಿದ ಕೆಲಸ ಫಲ ಕೊಟ್ಟಿತೋ ಇಲ್ಲವೋ ಎಂಬುದು ಮುಂದಿನ ಹನಿ ರಕ್ತದಲ್ಲಿ ಗೊತ್ತಾಗುತ್ತದೆ. "ಮಿದುಳಿಗೂ ಒಂದು ಗ್ಲುಕೋಮೀಟರ್ ಬೇಕು" ಎನ್ನುವವರು ಈ ಅರ್ಧವನ್ನು ಮರೆಮಾಚುತ್ತಾರೆ. ಐವತ್ತೈದು ವರ್ಷದ, ಚುರುಕಾಗಿ ಕೆಲಸ ಮಾಡಿಕೊಂಡಿರುವ ಶಿಕ್ಷಕಿಯೊಬ್ಬರ ರಕ್ತದಲ್ಲಿ ಟೌ ಪ್ರೋಟೀನು ಹೆಚ್ಚಿದೆ ಎಂದು ಇಂದು ಗೊತ್ತಾಯಿತು ಅನ್ನಿ. ನಾಳೆ ಬೆಳಿಗ್ಗೆ ಎದ್ದು ಅವರು ಏನು ಮಾಡಬೇಕು?

ಈ ಸೆನ್ಸರುಗಳು ಅಳೆಯುವುದು ಏನನ್ನು ಎಂಬುದನ್ನು ಮೊದಲು ನೋಡೋಣ. 1906ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಅಲೋಯಿಸ್ ಅಲ್ಝೈಮರ್ ತಮ್ಮ ರೋಗಿ ಆಗುಸ್ಟ್ ಡೀಟರ್ ಅವರ ಮಿದುಳಿನಲ್ಲಿ ಕಂಡದ್ದನ್ನು ವಿವರಿಸಿದರು: ನರಕೋಶಗಳ ನಡುವೆ ಗಟ್ಟಿಕಟ್ಟಿದ ಕಲೆಗಳು, ಕೋಶಗಳೊಳಗೆ ಹೊಸೆದುಕೊಂಡ ಎಳೆಗಳು. ಕಲೆಗಳಲ್ಲಿರುವುದು ಅಮಿಲಾಯ್ಡ್, ಎಳೆಗಳಲ್ಲಿರುವುದು ಟೌ. ಇವೆರಡರ ತುಣುಕುಗಳು ಅತ್ಯಲ್ಪ ಪ್ರಮಾಣದಲ್ಲಿ ರಕ್ತಕ್ಕೂ ಬರುತ್ತವೆ. ಅವನ್ನು ಹಿಡಿಯುವ ವಿದ್ಯೆ ಕಳೆದ ಹದಿನೈದು ವರ್ಷಗಳಲ್ಲಿ ಬೆರಗಾಗುವಷ್ಟು ಮುಂದುವರಿದಿದೆ, ನಾನದನ್ನು ಕಡೆಗಣಿಸುತ್ತಿಲ್ಲ. ಆದರೆ ಅಮಿಲಾಯ್ಡ್ ಇರುವುದೂ ಮರೆವು ಬರುವುದೂ ಒಂದೇ ಅಲ್ಲ. ನೆನಪು, ವಿವೇಚನೆ ಎಲ್ಲ ಸರಿಯಾಗಿರುವವರಲ್ಲೇ ಐವತ್ತನೇ ವಯಸ್ಸಿಗೆ ನೂರಕ್ಕೆ ಹತ್ತು ಜನರಲ್ಲಿ, ತೊಂಬತ್ತಕ್ಕೆ ನೂರಕ್ಕೆ ನಲವತ್ತನಾಲ್ಕು ಜನರಲ್ಲಿ ಅಮಿಲಾಯ್ಡ್ ಶೇಖರಣೆ ಇರುತ್ತದೆ ಎಂದು 2015ರಲ್ಲಿ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಲೆಕ್ಕ ಕೊಟ್ಟರು. ಹಾಗಾದರೆ ಇವರೆಲ್ಲರಿಗೂ ಮುಂದೆ ಡಿಮೆನ್ಷಿಯಾ ಬರುತ್ತದೆಯೇ? 2018ರಲ್ಲಿ ಅಮೆರಿಕದ ರಾನ್ ಬ್ರೂಕ್‌ಮೇಯರ್ ಮತ್ತು ಸಂಗಡಿಗರು ಇದಕ್ಕೂ ಲೆಕ್ಕ ಹಾಕಿದರು. ಅರವತ್ತೈದು ವರ್ಷದ ಮಹಿಳೆಯ ಮಿದುಳಿನಲ್ಲಿ ಅಮಿಲಾಯ್ಡ್ ಮಾತ್ರ ಇದ್ದು ಬೇರೆ ಹಾನಿ ಕಾಣದಿದ್ದರೆ, ಉಳಿದ ಆಯುಷ್ಯದಲ್ಲಿ ಆಕೆಗೆ ಅಲ್ಝೈಮರ್ ಡಿಮೆನ್ಷಿಯಾ ಬರುವ ಸಾಧ್ಯತೆ ಶೇ 29.3. ತೊಂಬತ್ತು ವರ್ಷದಾಕೆಗೆ ಶೇ 8.4. ಅಂದರೆ ಅರವತ್ತೈದರ ಅಂಥ ಹತ್ತು ಮಹಿಳೆಯರಲ್ಲಿ ಏಳು ಮಂದಿ ಆ ಕಾಯಿಲೆಯನ್ನೇ ಕಾಣದೆ ಬೇರೇನೋ ಕಾರಣಕ್ಕೆ ತೀರಿಕೊಳ್ಳುತ್ತಾರೆ. ಸೆನ್ಸರ್ ಆ ಏಳು ಮಂದಿಗೂ ಒಂದೇ ಉತ್ತರ ಕೊಡುತ್ತದೆ: ಪಾಸಿಟಿವ್.

ಇದು ಪರೀಕ್ಷೆ ತಪ್ಪೇ ಮಾಡುವುದಿಲ್ಲ ಎಂದುಕೊಂಡು ಹಾಕಿದ ಲೆಕ್ಕ. ಪರೀಕ್ಷೆಗಳು ತಪ್ಪು ಮಾಡುತ್ತವೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಲ್ಝೈಮರ್‌ಗೆ ಸಂಬಂಧಿಸಿದ ಮೊದಲ ರಕ್ತಪರೀಕ್ಷೆಗೆ, ಫುಜಿರೆಬಿಯೊ ಕಂಪನಿಯ ಲುಮಿಪಲ್ಸ್‌ಗೆ, ಅನುಮತಿ ಕೊಟ್ಟಿತು. ಅದರಲ್ಲಿ ಪಾಸಿಟಿವ್ ಬಂದವರ ಪೈಕಿ ಶೇ 91.7 ಮಂದಿಯಲ್ಲಿ ಅಮಿಲಾಯ್ಡ್ ಇದ್ದದ್ದು ನಿಜವಾಯಿತು. ಈ ಅಂಕಿಯನ್ನೇ ಎಲ್ಲೆಡೆ ಡಂಗುರ ಸಾರಲಾಯಿತು. ಅದೇ ಅನುಮತಿಯ ಇನ್ನೊಂದು ಸಾಲನ್ನು ಮಾತ್ರ ಯಾರೂ ಗಟ್ಟಿಯಾಗಿ ಓದಲಿಲ್ಲ: ಪರೀಕ್ಷೆ ಇರುವುದು ಐವತ್ತೈದು ದಾಟಿದ, ಮರೆವಿನ ಲಕ್ಷಣಗಳು ಈಗಾಗಲೇ ಕಾಣಿಸಿಕೊಂಡು ತಜ್ಞರ ಬಳಿ ಬಂದವರಿಗೆ. ಅಂಥವರಲ್ಲಿ ಅಮಿಲಾಯ್ಡ್ ಇರುವವರ ಪ್ರಮಾಣ ಮೊದಲೇ ಹೆಚ್ಚು, ಆದ್ದರಿಂದ ಪಾಸಿಟಿವ್ ಎಂಬ ಮಾತಿಗೆ ಬೆಲೆಯೂ ಹೆಚ್ಚು. ಇಂಥದ್ದೇ ಒಂದು ಒಳ್ಳೆಯ ಪರೀಕ್ಷೆಯನ್ನು ಐವತ್ತರ ಆಸುಪಾಸಿನ ಸಾವಿರ ಆರೋಗ್ಯವಂತರ ಮೇಲೆ ಮಾಡಿ ನೋಡಿ. ಅಮಿಲಾಯ್ಡ್ ಇರುವವರು ನೂರು ಮಂದಿ. ನೂರಕ್ಕೆ ತೊಂಬತ್ತನ್ನು ಹಿಡಿಯುವ ಪರೀಕ್ಷೆ ಅವರಲ್ಲಿ ತೊಂಬತ್ತು ಜನರನ್ನು ಗುರುತಿಸುತ್ತದೆ. ಇಲ್ಲದವರು ಒಂಬೈನೂರು, ನೂರಕ್ಕೆ ಹತ್ತು ತಪ್ಪಿದರೂ ಅವರಲ್ಲಿ ತೊಂಬತ್ತು ಜನ ಸುಳ್ಳೇ ಪಾಸಿಟಿವ್ ಆಗುತ್ತಾರೆ. ನೂರ ಎಂಬತ್ತು ಮನೆಗಳಿಗೆ ಕಾಗದ ಹೋಗುತ್ತದೆ, ಅರ್ಧ ಸುಳ್ಳು. ನಿಜವಾದ ಅರ್ಧದಲ್ಲೂ ಬಹುಪಾಲು ಜನರಿಗೆ ಕಾಯಿಲೆ ಎಂದೂ ಬರದೇ ಹೋಗಬಹುದು.

ಇಷ್ಟು ಸರಳವಾದ ಗುಣಾಕಾರ ಸೆನ್ಸರ್ ತಯಾರಿಸುವವರಿಗೆ ಗೊತ್ತಿಲ್ಲವೆಂದಲ್ಲ. ಅವರ ಕ್ಷೇತ್ರಕ್ಕೆ ಬೇರೊಂದು ಗೀಳು ಹಿಡಿದಿದೆ: ಎಷ್ಟು ಕಡಿಮೆ ಪ್ರಮಾಣವನ್ನು ಹಿಡಿಯಬಲ್ಲೆವು ಎಂಬ ಪೈಪೋಟಿ. ಪಿಕೊಗ್ರಾಂ ಆಯಿತು, ಫೆಮ್ಟೊಗ್ರಾಂ ಆಯಿತು, ಇನ್ನೂ ಕೆಳಕ್ಕಿಳಿಯುತ್ತಲೇ ಇದ್ದಾರೆ. ಇಂಥ ಸಾಧನೆಗಳು ಎಷ್ಟೋ ಸಲ ಶುದ್ಧ ಲವಣದ್ರಾವಣಕ್ಕೆ ಪ್ರೋಟೀನನ್ನು ಸೇರಿಸಿ ಅಳೆದವು. ನಿಜವಾದ ರಕ್ತದಲ್ಲಿ ಆಲ್ಬುಮಿನ್ ಮೊದಲಾದ ಪ್ರೋಟೀನುಗಳು ಸೆನ್ಸರಿನ ಮೇಲ್ಮೈಗೆ ಬಂದು ಮೆತ್ತಿಕೊಳ್ಳುತ್ತವೆ. ಇನ್ನೊಂದು ತೊಡಕು ಭೌತಶಾಸ್ತ್ರದ್ದು. ಟ್ರಾನ್ಸಿಸ್ಟರ್ ಮಾದರಿಯ ಸೆನ್ಸರು ಅಣುವಿನ ವಿದ್ಯುದಂಶವನ್ನು ಗುರುತಿಸಿ ಕೆಲಸ ಮಾಡುತ್ತದೆ. ರಕ್ತದಷ್ಟು ಉಪ್ಪಿರುವ ದ್ರವದಲ್ಲಿ ಆ ವಿದ್ಯುದಂಶದ ಪ್ರಭಾವ ಒಂದು ನ್ಯಾನೊಮೀಟರಿಗಿಂತ ಕಡಿಮೆ ದೂರದಲ್ಲೇ ಅಡಗಿಹೋಗುತ್ತದೆ. ಪ್ರೋಟೀನನ್ನು ಹಿಡಿದು ನಿಲ್ಲಿಸುವ ಆಂಟಿಬಾಡಿಯೇ ಸುಮಾರು ಹತ್ತು ನ್ಯಾನೊಮೀಟರ್ ಉದ್ದ. ಇದನ್ನು ದಾಟಲು ದ್ರವವನ್ನು ತೆಳುವಾಗಿಸುತ್ತಾರೆ, ಚಿಕ್ಕ ಅಣುಗಳನ್ನು ಬಳಸುತ್ತಾರೆ, ಜಾಣ ಉಪಾಯಗಳು ಹಲವಿವೆ. ಆದರೂ ಪ್ರಶ್ನೆ ಅದಲ್ಲ. ಅಮಿಲಾಯ್ಡ್ ಶೇಖರಣೆ ಇರುವವರಿಗೂ ಇಲ್ಲದವರಿಗೂ ರಕ್ತದಲ್ಲಿನ ಎರಡು ಬಗೆಯ ಅಮಿಲಾಯ್ಡ್ ತುಣುಕುಗಳ ಅನುಪಾತದಲ್ಲಿರುವ ವ್ಯತ್ಯಾಸ ಶೇ 10ರಿಂದ 15ರಷ್ಟು ಮಾತ್ರ. ಬೆನ್ನುಹುರಿ ದ್ರವದಲ್ಲಾದರೆ ಶೇ 40ಕ್ಕೂ ಮೇಲೆ. ಇಲ್ಲಿ ಬೇಕಾದದ್ದು ಅತಿ ಕಡಿಮೆಯನ್ನು ಹಿಡಿಯುವ ಶಕ್ತಿಯಲ್ಲ, ಇವತ್ತೂ ನಾಳೆಯೂ ಅದೇ ರಕ್ತಕ್ಕೆ ಅದೇ ಅಂಕಿಯನ್ನು ಕೊಡುವ ಸ್ಥಿರತೆ. ಅಳತೆಯಲ್ಲೇ ಶೇ 10ರಷ್ಟು ಏರುಪೇರಿರುವ ಉಪಕರಣ ಅಂಥ ವ್ಯತ್ಯಾಸವನ್ನು ಹೇಗೆ ಹೇಳೀತು? ಟೌ ಪ್ರೋಟೀನಿನ ಒಂದು ರೂಪವಾದ ಪಿ-ಟೌ217 ಇದಕ್ಕಿಂತ ವಾಸಿ, ನಿಜ. ಆದರೆ ಮೂತ್ರಪಿಂಡದ ಕಾಯಿಲೆ ಇದ್ದವರಲ್ಲಿ ರಕ್ತದ ಟೌ ಮಟ್ಟ ಏರುತ್ತದೆ, ದೇಹದ ತೂಕವೂ ಅದನ್ನು ಬದಲಿಸುತ್ತದೆ. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಸೋತವರು ಊರೂರಿನಲ್ಲೂ ಇರುವ ನಮ್ಮ ನಾಡಿಗೆ, ಬಹುತೇಕ ಬಿಳಿಯರ ರಕ್ತದಲ್ಲಿ ಗೊತ್ತುಮಾಡಿದ ಗಡಿರೇಖೆಯನ್ನು ತಂದು ಹಾಕಿದರೆ ಎಷ್ಟು ಜನ ಸುಮ್ಮಸುಮ್ಮನೆ ಅಲ್ಝೈಮರ್ ರೋಗಿಗಳಾಗಬಹುದು, ಯೋಚಿಸಿ.

ರೋಗಿಗಳಾಗುವುದು ಎಂದೆ. ಅದು ಬರೀ ಮಾತಿಗೆ ಹೇಳಿದ್ದಲ್ಲ. 2024ರಲ್ಲಿ ಅಮೆರಿಕದ ಅಲ್ಝೈಮರ್ಸ್ ಅಸೋಸಿಯೇಷನ್ ನೇಮಿಸಿದ ತಜ್ಞರ ತಂಡ ಕಾಯಿಲೆಯ ವ್ಯಾಖ್ಯೆಯನ್ನೇ ಬದಲಿಸಿತು. ಈಗ ಅವರ ಪ್ರಕಾರ ಅಲ್ಝೈಮರ್ ಎಂಬುದು ಜೈವಿಕ ಸ್ಥಿತಿ. ನಿಗದಿಪಡಿಸಿದ ಗುರುತುಗಳಲ್ಲಿ ಒಂದು ಪಾಸಿಟಿವ್ ಬಂದರೆ, ಮರೆವು ಇರಲಿ ಬಿಡಲಿ, ಕಾಯಿಲೆ ಇದೆ ಎಂದೇ ಅರ್ಥ. ಲಕ್ಷಣಗಳಿಲ್ಲದವರಿಗೆ ಸದ್ಯಕ್ಕೆ ಪರೀಕ್ಷೆ ಬೇಡವೆಂದು ಅದೇ ತಂಡ ಹೇಳಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಒಂದು ಕಾಗದಕ್ಕೆ "ನಿಮಗೆ ಕಾಯಿಲೆ ಇದೆ" ಎನ್ನುವ ಅಧಿಕಾರ ಕೊಟ್ಟ ಮೇಲೆ, ಆ ಕಾಗದವನ್ನು ಮಾರಬೇಡಿ ಎಂದರೆ ಯಾರು ಕೇಳುತ್ತಾರೆ? ಕ್ವೆಸ್ಟ್ ಡಯಾಗ್ನಾಸ್ಟಿಕ್ಸ್ ಕಂಪನಿ 2023ರಲ್ಲೇ ಅಮಿಲಾಯ್ಡ್ ರಕ್ತಪರೀಕ್ಷೆಯನ್ನು 399 ಡಾಲರಿಗೆ ನೇರವಾಗಿ ಜನರಿಗೆ ಮಾರಲು ಹೊರಟಿತ್ತು. ಬ್ರೂನೊ ದುಬುವಾ ನೇತೃತ್ವದ ಅಂತರರಾಷ್ಟ್ರೀಯ ತಂಡ ಅದೇ 2024ರಲ್ಲಿ ಈ ವ್ಯಾಖ್ಯೆಯನ್ನು ತಿರಸ್ಕರಿಸಿ, ಲಕ್ಷಣಗಳಿಲ್ಲದ ಅಮಿಲಾಯ್ಡ್ ಪಾಸಿಟಿವ್ ಜನರನ್ನು ಹೆಚ್ಚಿನ ಅಪಾಯದಲ್ಲಿರುವವರು ಎನ್ನಬೇಕೇ ಹೊರತು ರೋಗಿಗಳು ಎನ್ನಬಾರದು ಎಂದು ವಾದಿಸಿತು. ನಾನು ಪೂರ್ತಿ ಈ ಎರಡನೆಯ ಪಕ್ಷದವನು.

ಬೇಗ ಪತ್ತೆ ಹಚ್ಚಿ ಮೋಸಹೋದ ಚರಿತ್ರೆ ವೈದ್ಯಕೀಯಕ್ಕೆ ಹೊಸದಲ್ಲ. ಜಪಾನಿನಲ್ಲಿ 1980ರ ದಶಕದಲ್ಲಿ ಆರು ತಿಂಗಳ ಎಲ್ಲ ಕೂಸುಗಳ ಮೂತ್ರ ಪರೀಕ್ಷಿಸಿ ನ್ಯೂರೋಬ್ಲಾಸ್ಟೋಮ ಎಂಬ ಕ್ಯಾನ್ಸರನ್ನು ಮೊದಲೇ ಹಿಡಿಯುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಸಿಕ್ಕ ಗೆಡ್ಡೆಗಳ ಸಂಖ್ಯೆ ಏರಿತು. ಶಸ್ತ್ರಚಿಕಿತ್ಸೆ, ಕೀಮೋಥೆರಪಿಗಳೂ ಏರಿದವು. ಆದರೆ 2002ರಲ್ಲಿ ಜರ್ಮನಿ ಮತ್ತು ಕೆನಡಾದ ಕ್ವಿಬೆಕ್‌ನ ದೊಡ್ಡ ಅಧ್ಯಯನಗಳು ಹೊರಬಂದಾಗ ತಿಳಿದದ್ದು, ಹೀಗೆ ಹಿಡಿದುದರಿಂದ ಆ ಕ್ಯಾನ್ಸರಿಗೆ ಬಲಿಯಾಗುವ ಮಕ್ಕಳ ಪ್ರಮಾಣ ಇಳಿಯುವುದಿಲ್ಲ ಎಂದು. ಸಿಕ್ಕ ಗೆಡ್ಡೆಗಳಲ್ಲಿ ಎಷ್ಟೋ ತಾವಾಗಿ ಕರಗಿಹೋಗುವಂಥವು. ಮಗುವನ್ನು ಕೊಲ್ಲುವಂಥವು ಆರನೇ ತಿಂಗಳ ಬಲೆಗೆ ಬೀಳುತ್ತಲೇ ಇರಲಿಲ್ಲ. ಜಪಾನ್ ಆ ಕಾರ್ಯಕ್ರಮವನ್ನು 2003ರಲ್ಲಿ ನಿಲ್ಲಿಸಿತು. ಅಷ್ಟರೊಳಗೆ ಬೇಡದ ಚಿಕಿತ್ಸೆಯ ನೋವುಂಡ ಕೂಸುಗಳಿಗೆ ಯಾರು ಉತ್ತರ ಕೊಟ್ಟರು?

"ಈಗ ಔಷಧಿ ಬಂದಿದೆಯಲ್ಲ, ಬೇಗ ಕೊಟ್ಟಷ್ಟೂ ಕೆಲಸ ಮಾಡುತ್ತದೆ" ಎಂಬುದು ಎದುರಾಳಿಗಳ ದೊಡ್ಡ ಅಸ್ತ್ರ. ಲೆಕಾನೆಮ್ಯಾಬ್ ಔಷಧಿಯ ಪ್ರಯೋಗದಲ್ಲಿ 1,795 ಜನರಿದ್ದರು. ಹದಿನೆಂಟು ತಿಂಗಳ ನಂತರ, 18 ಅಂಕಗಳ ಮಾಪನದಲ್ಲಿ ಔಷಧಿ ಪಡೆದವರಿಗೂ ಪಡೆಯದವರಿಗೂ ಕಂಡ ವ್ಯತ್ಯಾಸ 0.45. ಎರಡು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಮಲಗಿ ಡ್ರಿಪ್ ಹಾಕಿಸಿಕೊಳ್ಳಬೇಕಿತ್ತು, ನಡುನಡುವೆ ಎಂಆರ್‌ಐ ಮಾಡಿಸಬೇಕಿತ್ತು, ಔಷಧಿ ಪಡೆದವರಲ್ಲಿ ಶೇ 12.6 ಮಂದಿಗೆ ಮಿದುಳಿನಲ್ಲಿ ಊತ ಬಂತು, 2023ರಲ್ಲಿ ಅಮೆರಿಕದಲ್ಲಿ ಅದರ ವರ್ಷದ ಬೆಲೆ 26,500 ಡಾಲರ್ ಇತ್ತು. ಇದಿಷ್ಟೂ ಮರೆವು ಆಗಲೇ ಶುರುವಾದವರ ಕಥೆ. ಲಕ್ಷಣವೇ ಇಲ್ಲದವರಿಗೆ ಮೊದಲೇ ಕೊಟ್ಟರೆ? ಅಮಿಲಾಯ್ಡ್ ಪಾಸಿಟಿವ್ ಆದ, ಆರೋಗ್ಯದಿಂದಿದ್ದ 1,169 ಜನರಿಗೆ ನಾಲ್ಕೂವರೆ ವರ್ಷ ಸೊಲನೆಜುಮ್ಯಾಬ್ ಎಂಬ ಔಷಧಿಯನ್ನೋ ಹುಸಿ ಔಷಧಿಯನ್ನೋ ಕೊಟ್ಟು ನೋಡಿದ ಎ4 ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಔಷಧಿ ಕುಸಿತವನ್ನು ತಡೆಯಲಿಲ್ಲ. ಹೊಸ ಔಷಧಿಗಳ ಅಂಥ ಪ್ರಯೋಗಗಳು ನಡೆದಿವೆ, ನಡೆಯಲಿ. ಅವು ಫಲ ಕೊಡುವ ಮುನ್ನವೇ ಫಲ ಸಿಕ್ಕಿತೆಂಬಂತೆ ಪರೀಕ್ಷೆಯನ್ನು ಮಾರುವುದಕ್ಕೆ ನನ್ನ ವಿರೋಧ. ಪಾರ್ಕಿನ್ಸನ್ ವಿಷಯ ಇನ್ನೂ ನೇರ: ಆಲ್ಫಾ-ಸೈನ್ಯೂಕ್ಲೀನ್ ಪ್ರೋಟೀನನ್ನು ಬೆನ್ನುಹುರಿ ದ್ರವದಲ್ಲಿ ಗುರುತಿಸುವ ಪರೀಕ್ಷೆ 2023ರಲ್ಲಿ ಬಹಳ ಹೊಗಳಿಕೆ ಪಡೆಯಿತು, ಯೋಗ್ಯವೂ ಹೌದು, ಆದರೆ ಆ ಕಾಯಿಲೆಯ ನಡಿಗೆಯನ್ನು ನಿಧಾನಿಸುವ ಔಷಧಿ ಒಂದೂ ಇಲ್ಲ.

ಇನ್ನು, "ನನ್ನ ಮಿದುಳಿನ ವಿಷಯ ತಿಳಿಯುವ ಹಕ್ಕು ನನಗಿದೆ" ಎಂಬ ವಾದ. ಹಕ್ಕಿದೆ. ಆದರೆ ತಿಳಿಯದಿರುವ ಹಕ್ಕಿನ ಬಗ್ಗೆ ಮೂವತ್ತು ವರ್ಷಗಳಿಂದ ಯೋಚಿಸುತ್ತ ಬಂದ ಒಂದು ಸಮುದಾಯವಿದೆ, ಅವರನ್ನು ಯಾರೂ ಕೇಳುತ್ತಿಲ್ಲ. ಹಂಟಿಂಗ್ಟನ್ ಕಾಯಿಲೆ ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಅದರ ಜೀನ್ 1993ರಲ್ಲಿ ಸಿಕ್ಕಿತು. ಆ ಪರೀಕ್ಷೆಗೆ ಸೆನ್ಸರಿನ ಅನಿಶ್ಚಯವಿಲ್ಲ. ಆದರೂ ಅಪಾಯದಲ್ಲಿರುವವರ ಪೈಕಿ ಸುಮಾರಾಗಿ ಐದರಲ್ಲಿ ಒಬ್ಬರೋ, ಅದಕ್ಕಿಂತ ಕಡಿಮೆಯೋ ಜನ ಮಾತ್ರ ಪರೀಕ್ಷೆ ಮಾಡಿಸಿಕೊಂಡಿದ್ದಾರೆ. ವೆನೆಜುವೆಲಾದ ಮರಕೈಬೊ ಸರೋವರದ ದಡದ ಹಳ್ಳಿಗಳಿಗೆ ವರ್ಷ ವರ್ಷ ಹೋಗಿ ಆ ಜೀನಿನ ಶೋಧಕ್ಕೆ ದಾರಿ ಮಾಡಿದ ನ್ಯಾನ್ಸಿ ವೆಕ್ಸ್‌ಲರ್ ಅವರ ತಾಯಿ ಅದೇ ಕಾಯಿಲೆಯಿಂದ ತೀರಿಕೊಂಡವರು. ತಮಗೂ ಕಾಯಿಲೆ ಬಂದಿದೆ ಎಂದು ನ್ಯಾನ್ಸಿ ಜಗತ್ತಿಗೆ ಹೇಳಿದ್ದು 2020ರಲ್ಲಿ, ಲಕ್ಷಣಗಳು ಎಲ್ಲರ ಕಣ್ಣಿಗೂ ಕಾಣುವಂತಾದ ಮೇಲೆ. ಚಿಕಿತ್ಸೆಯಿಲ್ಲದ ಕಾಯಿಲೆಯ ಭವಿಷ್ಯವಾಣಿಯನ್ನು ಬೇಡವೆಂದವರು ಹೇಡಿಗಳಲ್ಲ, ಅಜ್ಞಾನಿಗಳೂ ಅಲ್ಲ. ಅವರು ಬದುಕುವ ರೀತಿಯೊಂದನ್ನು ಆರಿಸಿಕೊಂಡವರು.

ತಿಳಿದವರಿಗೆ ಅಷ್ಟೇನೂ ಆಘಾತವಾಗುವುದಿಲ್ಲ ಎಂದು ತೋರಿಸಿದ ಅಧ್ಯಯನವೂ ಇದೆ. 2009ರಲ್ಲಿ ಪ್ರಕಟವಾದ ರಿವೀಲ್ ಅಧ್ಯಯನದಲ್ಲಿ, ಅಲ್ಝೈಮರ್ ಅಪಾಯ ಹೆಚ್ಚಿಸುವ ಎಪಿಒಇ ಜೀನಿನ ರೂಪದ ವಿಷಯ ತಿಳಿದವರಲ್ಲಿ ಹೆಚ್ಚಿನ ಆತಂಕ, ಖಿನ್ನತೆ ಕಾಣಲಿಲ್ಲ. ಸರಿ. ಆದರೆ ಅಲ್ಲಿ ಪ್ರತಿಯೊಬ್ಬರನ್ನೂ ಕೂರಿಸಿಕೊಂಡು ವಿವರಿಸಲು ತರಬೇತಾದ ಆಪ್ತಸಲಹೆಗಾರರಿದ್ದರು. ನಮ್ಮ ಲ್ಯಾಬುಗಳ ವರದಿ ಮೊಬೈಲಿಗೆ ಪಿಡಿಎಫ್ ಆಗಿ ಬರುತ್ತದೆ. ಮತ್ತೆ, 2014ರ ಇನ್ನೊಂದು ಅಧ್ಯಯನದಲ್ಲಿ ಜೀನಿನ ಆ ರೂಪ ತಮಗಿದೆ ಎಂದು ತಿಳಿದಿದ್ದ ಹಿರಿಯರು, ಅದಿದ್ದೂ ತಿಳಿಯದಿದ್ದವರಿಗಿಂತ ನೆನಪಿನ ಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದರು. ಜೀನ್ ಒಂದೇ, ವ್ಯತ್ಯಾಸ ತಿಳಿವಳಿಕೆಯದು ಮಾತ್ರ. ನನ್ನನ್ನು ಬಹಳ ಕಾಡಿದ ಫಲಿತಾಂಶ ಇದು. ಆ ಮೇಲೆ ವಿಮೆಯ ಮಾತು. ಅಮೆರಿಕದ 2008ರ ಜೀನ್ ತಾರತಮ್ಯ ವಿರೋಧಿ ಕಾನೂನು ಜೀವವಿಮೆಗೂ ದೀರ್ಘಕಾಲದ ಆರೈಕೆಯ ವಿಮೆಗೂ ಅನ್ವಯಿಸುವುದಿಲ್ಲ, ರಕ್ತದ ಪ್ರೋಟೀನಿಗಂತೂ ಇಲ್ಲವೇ ಇಲ್ಲ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾನೂನೂ ಇಲ್ಲ.

ಬೇಗ ಪತ್ತೆ ಹಚ್ಚುವುದನ್ನೇ ನಾನು ವಿರೋಧಿಸುತ್ತಿಲ್ಲ. ಎಸ್‌ಎಂಎ (ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ) ಕೂಡ ನರಕೋಶಗಳು ನಶಿಸುವ ಕಾಯಿಲೆಯೇ. ಹುಟ್ಟಿದ ಕೂಡಲೇ ಗುರುತಿಸಿ, ಲಕ್ಷಣ ಕಾಣುವ ಮುನ್ನವೇ ನುಸಿನೆರ್ಸೆನ್ ಎಂಬ ಔಷಧಿ ಕೊಟ್ಟ 25 ಕೂಸುಗಳ ಅಧ್ಯಯನದಲ್ಲಿ ಎಲ್ಲ ಮಕ್ಕಳೂ ಉಳಿದರು, ಹೆಚ್ಚಿನವರು ತಾವೇ ನಡೆದಾಡಿದರು. ಚಿಕಿತ್ಸೆ ಇಲ್ಲದಿದ್ದರೆ ಅವರಲ್ಲಿ ಎಷ್ಟೋ ಮಕ್ಕಳು ಕೂರಲೂ ಆಗದೆ ಎರಡು ವರ್ಷದೊಳಗೆ ಹೋಗಿಬಿಡುತ್ತಿದ್ದರು. ಅಲ್ಲಿ ಒಂದು ವಾರ ತಡವಾದರೂ ನಷ್ಟವೇ. ಕೂಸಿನ ಹಿಮ್ಮಡಿಯ ಹನಿ ರಕ್ತದಿಂದ ಎಸ್‌ಎಂಎ ಹಿಡಿಯುವ ಪರೀಕ್ಷೆ ಕರ್ನಾಟಕದ ಪ್ರತಿ ಹೆರಿಗೆ ಆಸ್ಪತ್ರೆಯಲ್ಲಿ ಬೇಕು, ಇದೇ ಕಾಯಿಲೆಯ ಇನ್ನೊಂದು ಔಷಧಿಯಾದ ಹದಿನಾರು ಕೋಟಿ ರೂಪಾಯಿಯ ಇಂಜೆಕ್ಷನ್ನಿಗಾಗಿ ತಂದೆ ತಾಯಿ ಊರೂರಿನವರ ಮುಂದೆ ಕೈಚಾಚುವ ಸ್ಥಿತಿ ತಪ್ಪಬೇಕು. ಬೇಗ ಎಂಬುದಕ್ಕೆ ಅರ್ಥ ಬರುವುದು ಹೀಗೆ ಕೈಗೆ ಚಿಕಿತ್ಸೆ ಸಿಕ್ಕಾಗ.

ಅಲ್ಝೈಮರ್ ವಿಷಯದಲ್ಲಿ ನಮ್ಮ ಸಂಕಟವೇ ಬೇರೆ. 2023ರ ರಾಷ್ಟ್ರೀಯ ಅಧ್ಯಯನದ ಪ್ರಕಾರ ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ 7.4 ಮಂದಿಗೆ ಡಿಮೆನ್ಷಿಯಾ ಇದೆ, ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ, ನಗರಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಇವರಲ್ಲಿ ಬಹುಪಾಲು ಜನರಿಗೆ ಕಾಯಿಲೆಯ ಹೆಸರನ್ನು ಯಾವ ವೈದ್ಯರೂ ಹೇಳಿಲ್ಲ. ವಯಸ್ಸಾಯಿತು, ಅರಳು ಮರಳು ಎಂದುಕೊಂಡು ಮನೆಯವರು ಸುಮ್ಮನಾಗುತ್ತಾರೆ. ಅಜ್ಜಿ ರಾತ್ರಿ ಎದ್ದು ಬಾಗಿಲು ತೆಗೆದುಕೊಂಡು ಹೊರಟಾಗ ಸೊಸೆಯೋ ಮಗಳೋ ನಿದ್ದೆಗೆಟ್ಟು ಕಾಯುತ್ತಾರೆ, ಅನ್ನ ಕೊಟ್ಟಿಲ್ಲವೆಂದು ಅಜ್ಜಿ ನೆರೆಯವರಿಗೆ ದೂರಿದಾಗ ಅವಮಾನ ನುಂಗುತ್ತಾರೆ. ಇದು ಕಾಯಿಲೆ, ಹಟವಲ್ಲ ಎಂದು ಒಂದು ಮಾತು ಹೇಳುವ ವೈದ್ಯರಿದ್ದರೆ ಆ ಮನೆಯಲ್ಲಿ ಎಷ್ಟೋ ಬದಲಾಗುತ್ತದೆ. ನಮಗೆ ಬಾಕಿ ಉಳಿದಿರುವುದು ಕಣ್ಣೆದುರಿಗೇ ಇರುವ ಈ ಕಾಯಿಲೆಯನ್ನು ಗುರುತಿಸುವ ಕೆಲಸ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ದಕ್ಷಿಣಗಳಲ್ಲಿ ಪ್ರಾಥಮಿಕ ಹಂತದ ವೈದ್ಯರನ್ನು ತರಬೇತುಗೊಳಿಸಿ ಇದನ್ನೇ ಮಾಡಹೊರಟಿತು. ಓದು ಬರಹ ಬಾರದವರಿಗೂ ಹೊಂದುವ, ಕನ್ನಡದಲ್ಲೇ ಇರುವ ನೆನಪಿನ ಪರೀಕ್ಷೆಗಳನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ರೂಪಿಸಿದೆ. ಅವಕ್ಕೆ ಬೇಕಾದದ್ದು ಒಂದು ಕುರ್ಚಿ, ಒಬ್ಬ ತಾಳ್ಮೆಯ ಸಿಬ್ಬಂದಿ, ಒಂದು ಗಂಟೆ. ಇಂಥ ಕೆಲಸಕ್ಕೆ ಸುದ್ದಿಯಿಲ್ಲ, ಹೂಡಿಕೆಯಿಲ್ಲ.

ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ನಲವತ್ತೈದು ದಾಟಿದ ಸಾವಿರಾರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸುತ್ತಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದ ಅಧ್ಯಯನವನ್ನು ಯಾರಾದರೂ ನನ್ನ ವಾದಕ್ಕೆ ಎದುರಾಗಿ ಹಿಡಿದಾರು. ನಾನು ಅದನ್ನು ಮನಸಾರೆ ಗೌರವಿಸುತ್ತೇನೆ. ನಮ್ಮ ಜನರ ರಕ್ತದಲ್ಲಿ ಈ ಪ್ರೋಟೀನುಗಳ ಸಹಜ ಮಟ್ಟ ಎಷ್ಟು, ಯಾರಿಗೆ ಮುಂದೆ ಮರೆವು ಬಂತು, ಯಾರಿಗೆ ಬರಲಿಲ್ಲ ಎಂಬುದನ್ನು ಅಂಥ ಅಧ್ಯಯನಗಳಷ್ಟೇ ಹೇಳಬಲ್ಲವು. ಒಪ್ಪಿಗೆ ಪಡೆದು ವಿಜ್ಞಾನಕ್ಕಾಗಿ ರಕ್ತ ಪಡೆಯುವುದು ಒಂದು, ಫುಲ್ ಬಾಡಿ ಚೆಕಪ್ ಪ್ಯಾಕೇಜಿನಲ್ಲಿ ಲಿಪಿಡ್, ಥೈರಾಯ್ಡ್ ಜೊತೆಗೆ ಪಿ-ಟೌ ಸೇರಿಸಿ ಮಾರುವುದು ಇನ್ನೊಂದು.

ಅಪಾಯ ಗೊತ್ತಾದರೆ ಜನ ಎಚ್ಚೆತ್ತು ವ್ಯಾಯಾಮ ಮಾಡುತ್ತಾರೆ, ಆಹಾರ ಬದಲಿಸುತ್ತಾರೆ ಎನ್ನುವವರಿಗೆ ನನ್ನ ಉತ್ತರ ಇಷ್ಟು. 2024ರ ಲ್ಯಾನ್ಸೆಟ್ ಆಯೋಗ ಡಿಮೆನ್ಷಿಯಾದ ಸುಮಾರು ಶೇ 45ರಷ್ಟನ್ನು ತಡೆಯಲು ಇಲ್ಲವೇ ಮುಂದೂಡಲು ಸಾಧ್ಯವೆಂದು ಹೇಳಿ ಹದಿನಾಲ್ಕು ಕಾರಣಗಳನ್ನು ಪಟ್ಟಿ ಮಾಡಿತು: ಶಾಲೆಗೆ ಹೋಗದಿರುವುದು, ಕಿವಿ ಮಂದವಾಗುವುದು, ಬಿಪಿ, ಸಕ್ಕರೆ, ಧೂಮಪಾನ, ಕಣ್ಣಿನ ಪೊರೆಯಂಥ ದೃಷ್ಟಿದೋಷ, ಒಂಟಿತನ, ಕೆಟ್ಟ ಗಾಳಿ ಮೊದಲಾದವು. ಇವುಗಳಲ್ಲಿ ಒಂದಕ್ಕೂ ಅಮಿಲಾಯ್ಡ್ ಸೆನ್ಸರ್ ಬೇಡ. ಪಾಸಿಟಿವ್ ಬಂದವರಿಗೂ ನೆಗೆಟಿವ್ ಬಂದವರಿಗೂ ಹೇಳಬೇಕಾದ ಸಲಹೆ ಅಕ್ಷರಶಃ ಒಂದೇ ಆದರೆ ಆ ಪರೀಕ್ಷೆ ಯಾಕೆ ಬೇಕು?

ಸೆನ್ಸರ್ ಕಟ್ಟುತ್ತಿರುವ ನಮ್ಮ ತರುಣ ವಿಜ್ಞಾನಿಗಳಿಗೆ ಕೆಲಸ ಬೇಕಾದಷ್ಟಿದೆ. ಮರೆವಿನ ದೂರು ಹೊತ್ತು ಬಂದವರಲ್ಲಿ ಬಿ12 ಕೊರತೆ ಯಾರದು, ಥೈರಾಯ್ಡ್ ಯಾರದು, ಅಲ್ಝೈಮರ್ ಯಾರದು ಎಂದು ಬೇರ್ಪಡಿಸಬೇಕು; ಮೊದಲೆರಡಕ್ಕೆ ಇಂದೇ ಅಗ್ಗದ ಔಷಧಿ ಇದೆ. ಕೆಟ್ಟ ಕಿಡ್ನಿಯವರ ರಕ್ತದಲ್ಲೂ ದಾರಿ ತಪ್ಪದ, ಏಪ್ರಿಲ್ ತಿಂಗಳ ಸೆಕೆಗೂ ಅಂಕಿ ಬದಲಿಸದ, ಕೆಲವು ನೂರು ರೂಪಾಯಿಗೆ ಸಿಗುವ ಪರೀಕ್ಷೆಯೊಂದು ತಾಲ್ಲೂಕು ಆಸ್ಪತ್ರೆಗೆ ಬಂದರೆ ಬೆನ್ನಿಗೆ ಸೂಜಿ ಚುಚ್ಚುವುದೂ ಬೆಂಗಳೂರಿಗೆ ಪೆಟ್ ಸ್ಕ್ಯಾನಿಗೆ ಅಲೆಯುವುದೂ ಎಷ್ಟೋ ಕುಟುಂಬಗಳಿಗೆ ತಪ್ಪುತ್ತದೆ. ಅದಕ್ಕೆ ಸರ್ಕಾರ ಎಷ್ಟು ಹಣ ಕೊಟ್ಟರೂ ನಾನು ಬೆಂಬಲಿಸುತ್ತೇನೆ. ಲಕ್ಷಣವಿಲ್ಲದವರಿಗೆ, ಪರೀಕ್ಷಿಸಿದ ವೈದ್ಯರ ಚೀಟಿಯಿಲ್ಲದೆ, ಈ ಪರೀಕ್ಷೆಗಳನ್ನು ಮಾರುವುದನ್ನು ಮಾತ್ರ ಅದು ಬೇರೂರುವ ಮುನ್ನವೇ ಕಾನೂನಿನಿಂದ ನಿಲ್ಲಿಸಬೇಕು.